ಮಗಳು ಹೈಸ್ಕೂಲು ಸೇರಿದಳು, ಜೀವನಾಂಶ ಇನ್ನೂ ಅಂಗನವಾಡಿಯಲ್ಲೇ ಇದೆ

ಮಗುವಿಗೆ ಮೂರು ವರ್ಷವಿದ್ದಾಗ ತಂದೆ ತಿಂಗಳಿಗೆ ಎರಡು ಸಾವಿರ ಕೊಡಬೇಕೆಂದು ಕೋರ್ಟು ಆದೇಶ ಮಾಡಿತು ಅಂತಿಟ್ಟುಕೊಳ್ಳಿ. ಈಗ ಆ ಹುಡುಗಿ ಒಂಬತ್ತನೇ ಕ್ಲಾಸು. ಟ್ಯೂಷನ್ನು, ಶೂ, ಕನ್ನಡಕ, ಆಸ್ಪತ್ರೆ, ಎಲ್ಲ ಖರ್ಚೂ ಏರಿದೆ. ಬರುವ ಹಣ ಮಾತ್ರ ಅದೇ ಎರಡು ಸಾವಿರ. ಯಾಕಮ್ಮ ಎಂದು ಕೇಳಿದರೆ, "ಕೋರ್ಟೇ ಹೇಳಿದ ಮೇಲೆ ಮುಗೀತಲ್ಲ" ಎನ್ನುವ ತಾಯಂದಿರು ಪ್ರತಿ ಊರಲ್ಲೂ ಸಿಗುತ್ತಾರೆ.

ಮುಗಿದಿಲ್ಲ. ಜೀವನಾಂಶದ ಹಳೇ ಸಿಆರ್‌ಪಿಸಿ 125ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಆದೇಶವಾದ ಮೇಲೆ ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಿ ಎಂದು ಕೇಳಲು 146ನೇ ಕಲಂ ಇದೆ. ಶಾಲೆಯ ರಸೀದಿ, ಔಷಧಿ ಬಿಲ್ಲು ಜೋಡಿಸಿಟ್ಟುಕೊಂಡು ಅರ್ಜಿ ಹಾಕಬೇಕು. "ಅವರ ಆದಾಯ ಎಷ್ಟು ಅಂತ ನನಗೇನು ಗೊತ್ತು?" ಎಂಬ ಹೆದರಿಕೆ ಬೇಡ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲವನ್ನು ಅಫಿಡವಿಟ್ ಮಾಡಿ ಕೊಡಬೇಕೆಂದು 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಗು ಯಾರ ಹತ್ತಿರ ಇರಬೇಕು ಎಂಬ ಆದೇಶವೂ ಶಿಲಾಶಾಸನವಲ್ಲ. ಮಗುವಿನ ಹಿತಕ್ಕೆ ಬೇಕಾದರೆ ಅದನ್ನು ಬದಲಿಸಬಹುದು ಎಂದು 1973ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಕೂಡ ಅದಕ್ಕೆ ದಾರಿ ಬಿಟ್ಟಿದೆ.

ನಮ್ಮ ಹಳ್ಳಿಗಳ ದೊಡ್ಡ ತೊಡಕು ಬೇರೆಯೇ. ಎಷ್ಟೋ ಮನೆಗಳಲ್ಲಿ ಕೋರ್ಟಿನ ಆದೇಶವೇ ಇಲ್ಲ. ದೇವಸ್ಥಾನದ ಕಟ್ಟೆ ಮೇಲೆ ಹಿರಿಯರು ಕೂತು ನ್ಯಾಯ ಮಾಡಿ, ಛಾಪಾ ಕಾಗದದಲ್ಲಿ "ಇನ್ನು ಮುಂದೆ ಏನೂ ಕೇಳುವುದಿಲ್ಲ" ಎಂದು ಹೆಣ್ಣುಮಗಳ ಹೆಬ್ಬೆಟ್ಟು ಒತ್ತಿಸಿರುತ್ತಾರೆ. ಹಿರಿಯರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಆ ಮಗುವಿನ ಪರವಾಗಿ ಅಲ್ಲಿ ಯಾರು ಕೂತಿದ್ದರು? ಮಗುವಿನ ಹಕ್ಕನ್ನು ತಾಯಿ ಬರೆದುಕೊಟ್ಟು ಬಿಡಲಿಕ್ಕಾಗುವುದಿಲ್ಲ. ಅಂಥ ಕಾಗದ ಇದ್ದರೂ 144ರಲ್ಲಿ ಮಗುವಿಗಾಗಿ ಹೊಸ ಅರ್ಜಿ ಹಾಕಬಹುದು. ಕಟ್ಟೆ ನ್ಯಾಯ ಬೇಡವೆಂದು ನಾನು ಹೇಳುತ್ತಿಲ್ಲ, ಮಗುವಿನ ಹಣದ ಮಾತು ಬಂದಾಗ ಅದು ಕೋರ್ಟಿನ ದಾಖಲೆಗೆ ಹೋಗಲೇಬೇಕು.

ತಂದೆಯರಿಗೂ ಒಂದು ಮಾತು. ಬೋರ್‌ವೆಲ್ ಬತ್ತಿತು, ಕೆಲಸ ಹೋಯಿತು, ಕಾಯಿಲೆ ಬಂತು ಎಂದರೆ ಅದೇ 146ರಲ್ಲಿ ಕಡಿಮೆ ಮಾಡಿ ಎಂದು ನೀವೂ ಕೇಳಬಹುದು. ಸುಮ್ಮನೆ ಕೊಡುವುದನ್ನು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ವಾರಂಟ್ ಬರುತ್ತದೆ. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ. ಇನ್ನು "ಮಗು ತೋರಿಸದಿದ್ದರೆ ದುಡ್ಡಿಲ್ಲ", "ದುಡ್ಡು ಕೊಡದಿದ್ದರೆ ಮಗು ತೋರಿಸಲ್ಲ" ಎಂಬ ಹಟ ಎರಡೂ ಕಡೆ ಇದೆ. ಭೇಟಿಗೆ ಬೇರೆ ಅರ್ಜಿ, ಹಣಕ್ಕೆ ಬೇರೆ ಅರ್ಜಿ ಇದೆ. ಒಂದನ್ನು ಇನ್ನೊಂದಕ್ಕೆ ಗಂಟು ಹಾಕಿದರೆ ಊಟ ತಪ್ಪುವುದು ಮಗುವಿಗೆ.

ಆದರೂ ಪ್ರತಿ ಸಲ ತಾಯಿಯೇ ಕೂಲಿ ಬಿಟ್ಟು, ಮುದ್ದತ್ತಿನಿಂದ ಮುದ್ದತ್ತಿಗೆ ಅಲೆಯಬೇಕೇ? ನನ್ನ ಪ್ರಕಾರ ಮೊದಲ ಆದೇಶದಲ್ಲೇ ಏರಿಕೆ ಬರೆದಿರಬೇಕು. 2025ರಲ್ಲಿ ಸುಪ್ರೀಂ ಕೋರ್ಟ್ ಒಬ್ಬ ಮಹಿಳೆಗೆ ತಿಂಗಳಿಗೆ 50,000 ರೂಪಾಯಿ ನಿಗದಿ ಮಾಡಿ, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಿಸಬೇಕೆಂದಿತು. ಐವತ್ತು ಸಾವಿರಕ್ಕೆ ಸಿಗುವ ಏರಿಕೆ ಎರಡು ಸಾವಿರಕ್ಕೆ ಯಾಕೆ ಬೇಡ? ಅರ್ಜಿ ಬರೆಸುವಾಗಲೇ ವಕೀಲರಿಗೆ ಹೇಳಿ ಇದನ್ನು ಸೇರಿಸಿ.

ವಕೀಲರ ಫೀಸಿನ ಚಿಂತೆ ಇದ್ದರೆ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಹಳೇ ಆದೇಶದ ಪ್ರತಿ ಕಳೆದಿದ್ದರೆ ಅದೇ ಕೋರ್ಟಿನಲ್ಲಿ ನಕಲು ಸಿಗುತ್ತದೆ. ಬಾಕಿ ಇದ್ದರೆ ತಡಮಾಡಬೇಡಿ: ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ಬಾಕಿಗೆ ಈ ಕಾಯ್ದೆಯಲ್ಲಿ ವಾರಂಟ್ ಸಿಗುವುದಿಲ್ಲ.