ಬೈಲುಕುಪ್ಪೆಯ ಕತೆಗಳಿಗೆ ವಾರಕ್ಕೆ ಅರ್ಧ ಗಂಟೆ ಕೊಡಿ

ಬೇತಾಳನ ಕತೆ ನಮಗೆಲ್ಲ ಗೊತ್ತು. ಹೆಗಲೇರಿದ ಹೆಣ ಕತೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಬಲ್ಲ ವಿಕ್ರಮಾದಿತ್ಯ ಬಾಯಿ ಬಿಟ್ಟೊಡನೆ ಹಾರಿ ಮರ ಸೇರುತ್ತದೆ. ಈ ಕತೆ ಟಿಬೆಟನ್ನರಲ್ಲೂ ಇದೆ. ಅಲ್ಲಿ ಹೆಣ ಹೊರುವವನು ಒಬ್ಬ ಹುಡುಗ, ಕಳಿಸಿದವನು ಆಚಾರ್ಯ ನಾಗಾರ್ಜುನ. ದಾರಿಯುದ್ದಕ್ಕೂ ತುಟಿ ಪಿಟಕ್ಕೆನ್ನಬಾರದು. ಅವನಿಗೆ ಉತ್ತರದ ಹಂಗಿಲ್ಲ, ಕತೆ ಕೇಳುತ್ತ ಮೈಮರೆತು 'ಅಯ್ಯೋ' ಎಂದುಬಿಡುತ್ತಾನೆ. ಹೆಣ ಮತ್ತೆ ಸ್ಮಶಾನಕ್ಕೆ. ನಮ್ಮ ರಾಜ ಸೋಲುವುದು ಬುದ್ಧಿಗೆ, ಆ ಹುಡುಗ ಸೋಲುವುದು ಕತೆಗೆ. ನನಗೆ ಹುಡುಗನೇ ಹೆಚ್ಚು ಇಷ್ಟ.

ಕುಶಾಲನಗರದಲ್ಲಿ ಕನ್ನಡ ಪಾಠ ಮಾಡುವ ನನಗೆ ಇದನ್ನು ಹೇಳಿದವರು ಬೈಲುಕುಪ್ಪೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ಒಬ್ಬ ಅಜ್ಜಿ. ಊರೂರಿನಲ್ಲಿ ಸ್ವೆಟರ್ ಮಾರುತ್ತ ಕಲಿತ ಕನ್ನಡ ಅವರದು. ಕತೆಯ ಹದ ಬಂದಾಗ ಮಾತ್ರ ತಮ್ಮ ಭಾಷೆಗೆ ಜಾರುತ್ತಿದ್ದರು, ಪಕ್ಕದಲ್ಲಿದ್ದ ಮೊಮ್ಮಗಳು ನನಗೆ ಬಿಡಿಸಿ ಹೇಳುತ್ತಿದ್ದಳು. ಕಾವೇರಿ ದಾಟಿದರೆ ಕ್ಯಾಂಪು. ಇಷ್ಟು ಹತ್ತಿರವಿದ್ದೂ ನನ್ನ ವಿದ್ಯಾರ್ಥಿಗಳಿಗೆ ಗೊತ್ತಿರುವುದು ಗೋಲ್ಡನ್ ಟೆಂಪಲ್ಲು ಮತ್ತು ಮೊಮೊ.

1960ರ ದಶಕದ ಆರಂಭದಲ್ಲಿ ಕ್ಯಾಂಪಿನ ಜನ ಇಲ್ಲಿಗೆ ಬಂದರು. ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಟಿಬೆಟ್ಟಿನಲ್ಲೇ ಹುಟ್ಟಿ, ಅಲ್ಲಿಯ ಕತೆಗಳನ್ನು ಹಿರಿಯರ ಬಾಯಿಂದ ಕೇಳಿದವರಿಗೆ ಈಗ ಎಂಬತ್ತರ ಆಸುಪಾಸು. ಮೊಮ್ಮಕ್ಕಳು ಬೆಂಗಳೂರು, ಯುರೋಪು, ಅಮೆರಿಕ ಎಂದು ಚದುರುತ್ತಿದ್ದಾರೆ. ಕಾಯಲು ಸಮಯವಿಲ್ಲ.

ಮಡಿಕೇರಿ ಆಕಾಶವಾಣಿಯನ್ನು ನಾನು ಕೇಳುವುದು ಇದನ್ನೇ: ವಾರಕ್ಕೆ ಅರ್ಧ ಗಂಟೆ ಈ ಕತೆಗಳಿಗೆ ಕೊಡಿ. ಮೊದಲು ಟಿಬೆಟನ್ನಿನಲ್ಲಿ, ಹಿಂದೆಯೇ ಕನ್ನಡದಲ್ಲಿ. ಕೇಳುಗರಿಗೆ ಅರ್ಥವಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ನಿಲಯದ ಕೊಡವ ಮತ್ತು ಅರೆಭಾಷೆ ಕಾರ್ಯಕ್ರಮ ಕೇಳಿ ಕೇಳಿಯೇ ಮಂಡ್ಯದವಳಾದ ನನಗೆ ಆ ಮಾತುಗಳು ಹತ್ತಿರವಾದವು. ಆಕಾಶವಾಣಿಗೆ ಟಿಬೆಟನ್ನೂ ಹೊಸದಲ್ಲ. ಹಿಮಾಲಯದಾಚೆಯ ಕೇಳುಗರಿಗೆಂದು ಅದರ ವಿದೇಶ ಪ್ರಸಾರ ವಿಭಾಗ ಆ ಭಾಷೆಯಲ್ಲಿ ದಶಕಗಳ ಕಾಲ ಪ್ರಸಾರ ಮಾಡಿದೆ. ಹೊಳೆಯಾಚೆಯ ನೆರೆಯವರಿಗೂ ಒಂದಿಷ್ಟು ಹೊತ್ತು ಸಿಗಲಿ.

ಈ ಕತೆಗಳು ರೇಡಿಯೋಗೆಂದೇ ಹುಟ್ಟಿದಂತಿವೆ. ಟಿಬೆಟನ್ನರ ಗೇಸರ್ ರಾಜನ ಮಹಾಕಾವ್ಯವನ್ನೇ ನೋಡಿ. ನಮ್ಮ ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡುವ ಹಾಗೆ ಅದನ್ನು ಹಾಡುವವರೂ ನಡುವೆ ಮಾತು, ನಡುವೆ ಹಾಡು ಎಂದು ಸಾಗುತ್ತಾರೆ. ಪಾತ್ರ ಬದಲಾದರೆ ಮಟ್ಟೂ ಬದಲು. ಅಚ್ಚಿನ ಪುಸ್ತಕ ಇದನ್ನು ಹಿಡಿಯಲಾರದು.

ಟಿಬೆಟನ್ನರ ಹೊಸ ವರ್ಷದ ಲೋಸಾರ್ ಹಬ್ಬಕ್ಕೊಂದು ವಿಶೇಷ ಕಾರ್ಯಕ್ರಮ ಮಾಡಿ ಕೈತೊಳೆದುಕೊಂಡರೆ ಸಾಲದು. ಜಮೈಕಾದ ಕವಯಿತ್ರಿ ಯೂನಾ ಮಾರ್ಸನ್ 1943ರಲ್ಲಿ ಬಿಬಿಸಿಯಲ್ಲಿ ಆರಂಭಿಸಿದ 'ಕೆರಿಬಿಯನ್ ವಾಯ್ಸಸ್' 1958ರವರೆಗೆ ವಾರ ವಾರವೂ ಬಂತು. ದ್ವೀಪಗಳಿಂದ ಬಂದ ಕತೆ, ಕವಿತೆಗಳನ್ನು ಲಂಡನ್ನಿನಲ್ಲಿ ಓದಿ ಅದೇ ದ್ವೀಪಗಳಿಗೆ ಕೇಳಿಸುತ್ತಿದ್ದರು. ಬರೆದವರಿಗೆ ಹಣ ಕೊಡುತ್ತಿದ್ದರು. ಸ್ಯಾಮ್ ಸೆಲ್ವನ್, ಡೆರೆಕ್ ವಾಲ್ಕಾಟ್, ನೈಪಾಲ್ ಅವರ ಎಳೆಯ ಬರಹಗಳು ಕೇಳಿಬಂದದ್ದು ಅಲ್ಲಿ. ವಾರ ತಪ್ಪದೆ ಬರುವ ಕಾರ್ಯಕ್ರಮವಿದ್ದರೆ ಬರೆಯುವವರೂ ಹುಟ್ಟಿಕೊಳ್ಳುತ್ತಾರೆ.

ನಮ್ಮಲ್ಲೂ ಕತೆ ಹೇಳಿದ ಅಜ್ಜ ಅಜ್ಜಿಯರಿಗೆ ಕಲಾವಿದರ ಸಂಭಾವನೆ ಸಲ್ಲಬೇಕು, ಪ್ರಸಾರದಲ್ಲಿ ಅವರ ಹೆಸರು ಬರಬೇಕು. ಸ್ಟುಡಿಯೋವರೆಗೆ ಘಟ್ಟದ ರಸ್ತೆ ಹತ್ತಲಾಗದವರ ಬಳಿಗೆ ರೆಕಾರ್ಡರ್ ಹೋಗಲಿ, ಕ್ಯಾಂಪಿನ ವೃದ್ಧಾಶ್ರಮದಿಂದಲೇ ಶುರುವಾಗಲಿ. ಕನ್ನಡಕ್ಕೆ ತರಲು ಆ ಮೊಮ್ಮಗಳಂಥ ಎರಡೂ ಭಾಷೆ ಬಲ್ಲ ಹುಡುಗ ಹುಡುಗಿಯರಿದ್ದಾರೆ. ಅವರು ವಿಮಾನ ಹತ್ತುವ ಮೊದಲೇ ಕರೆಯಿರಿ.