ನೋವಿಗೆ ನಾಣ್ಯ ಕೊಡುವ ಆಟ ನಮ್ಮ ಮಕ್ಕಳಿಗೆ ಬೇಡ



ಮಕ್ಕಳ ಮನಸ್ಸಿನ ಕಾಯಿಲೆಗೆ ಮೊಬೈಲ್ ಆಟವೇ ಮದ್ದು ಎಂಬ ಮಾತು ಈಗ ಹಳ್ಳಿಶಾಲೆಯ ಬಾಗಿಲಿಗೂ ಬಂದಿದೆ. ಆಟ ಬೇಡ ಎನ್ನುವವರು ನಾವಲ್ಲ. ಆಟವಿಲ್ಲದೆ ಒಂದನೆಯ ಇಯತ್ತೆಯ ಮಕ್ಕಳಿಗೆ ಕಾಗುಣಿತವನ್ನೂ ಕಲಿಸಲಾಗದು ಎಂಬುದು ನಮಗೆಲ್ಲ ಗೊತ್ತು. ನಮ್ಮ ತಕರಾರು ಇರುವುದು ಆಟದ ಹೆಸರಿನಲ್ಲಿ ನುಸುಳುತ್ತಿರುವ ಅಂಕ, ನಾಣ್ಯ, ಪದಕಗಳ ಬಗ್ಗೆ.

ಇಂಥ ಆ್ಯಪ್‌ಗಳ ಸಾಮಾನ್ಯ ರೀತಿ ನೋಡಿ. "ಇಂದು ಮನಸ್ಸು ಹೇಗಿದೆ?" ಎಂದು ಕೇಳುತ್ತದೆ. ಮುಖದ ಚಿತ್ರ ಒತ್ತಿದರೆ ನಾಣ್ಯ. ಏಳು ದಿನ ಬಿಡದೆ ಒತ್ತಿದರೆ ಪದಕ. ಒಂದು ದಿನ ತಪ್ಪಿದರೆ ಎಲ್ಲ ಸೊನ್ನೆ! ಖಿನ್ನತೆ ಎಂದರೆ ಹಾಸಿಗೆಯಿಂದ ಏಳಲೂ ಮನಸ್ಸಾಗದ ಸ್ಥಿತಿ. ಅಂಥ ಮಗು ಯಾವ ದಿನ ತಪ್ಪಿಸುತ್ತದೆ? ತೀರ ಕಷ್ಟವಾದ ದಿನವೇ ಅಲ್ಲವೆ? ಅಂದರೆ ಆಸರೆ ಬೇಕಾದ ದಿನವೇ ಅದಕ್ಕೆ ದಂಡ. ಇನ್ನು ನಾಣ್ಯಕ್ಕಾಗಿ ಒತ್ತುವ ಮಗು ನಿಜ ಹೇಳುತ್ತದೆಯೇ? ಏನಾದರೊಂದು ಒತ್ತಿ ಮುಗಿಸುತ್ತದೆ. ಬರೀ ಸಹಿಗಾಗಿ ಗೆಳೆಯನ ವಹಿ ನೋಡಿ ಗೃಹಪಾಠ ಬರೆದಂತೆ!

ಹಾಗಾದರೆ ಒಳ್ಳೆಯ ಆಟವೇ ಇಲ್ಲವೇ? ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದವರು ಹರೆಯದವರ ಖಿನ್ನತೆಗಾಗಿ 'ಸ್ಪಾರ್ಕ್ಸ್' ಎಂಬ ಆಟ ಮಾಡಿದರು. ಏಳು ಹಂತಗಳ ಆಟವದು. ಮೈಮೇಲೆ ಹಾರಿ ಬರುವ ಕೆಟ್ಟ ಯೋಚನೆಗಳನ್ನು ಗುರುತಿಸಿ ಓಡಿಸುವುದೇ ಅದರ ಕೆಲಸ. ವೈದ್ಯರು ಕಲಿಸುವ ಪಾಠವೇ ಅಲ್ಲಿ ಆಟವಾಗಿದೆ. ಪಾಠದ ಮೇಲೆ ಸಕ್ಕರೆ ಉದುರಿಸಿಲ್ಲ. 12ರಿಂದ 19 ವಯಸ್ಸಿನ 187 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲ 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು: ಆಟ ಎಂದಿನ ಚಿಕಿತ್ಸೆಗಿಂತ ಕಡಿಮೆಯಾಗಿರಲಿಲ್ಲ. 2020ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೂ, ಗಮನ ನಿಲ್ಲದ 8ರಿಂದ 12 ವರ್ಷದ ಮಕ್ಕಳಿಗಾಗಿ 'ಎಂಡೆವರ್ ಆರ್‌ಎಕ್ಸ್' ಎಂಬ ಆಟಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅದೊಂದೇ ಸಾಲದು, ಬೇರೆ ಚಿಕಿತ್ಸೆಯ ಜೊತೆಗೇ ಬಳಸಬೇಕು ಎಂದಿತು.

ಎಚ್ಚರಿಕೆಯೂ ಬೇಕು. ಆಟದ ಗೀಳನ್ನೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಬಿಡದಂತೆ ಹಿಡಿದಿಡುವ ಗಾಳವನ್ನೇ ಮದ್ದೆಂದು ನುಂಗಿಸಿದರೆ ಹೇಗೆ?

ಇನ್ನು ಭಾಷೆಯ ಮಾತು. ಗೋಕುಳ ಶಿರಗಾಂವದ ಎಂ.ಐ.ಡಿ.ಸಿ.ಯಲ್ಲಿ ಅಪ್ಪನಿಗೆ ರಾತ್ರಿ ಪಾಳಿ, ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಮೊಬೈಲಿನಲ್ಲಿ ಇಂಗ್ಲಿಷ್. ಇಂಥ ಮಗು "ಎದಿ ಡವಡವ ಅಂತೈತ್ರಿ", "ಜೀಂವಕ್ಕ ಸಮಾಧಾನ ಇಲ್ರೀ" ಎನ್ನುತ್ತದೆ. ಈ ಮಾತಿಗೆ ಯಾವ ಗುಂಡಿ ಒತ್ತಬೇಕು? ಕೆನಡಾದ ಇನ್ಯುಯಿಟ್ ಮಕ್ಕಳಿಗಾಗಿ 'ಸ್ಪಾರ್ಕ್ಸ್' ಆಟವನ್ನು ಅವರ ಬಾಳಿಗೆ ಹೊಂದುವಂತೆ ತಿದ್ದಲಾಯಿತು. ತಿದ್ದುವಾಗ ಆ ಸಮುದಾಯದ ಹರೆಯದವರನ್ನೇ ಜೊತೆಗೆ ಕೂಡಿಸಿಕೊಂಡರು. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಗಡಿಮಕ್ಕಳಿಗೆ ಕನ್ನಡದಲ್ಲಿ ಪಠ್ಯಪುಸ್ತಕ ಕೊಡುತ್ತಿದೆ. ಗಣಿತಕ್ಕೆ ಸಲ್ಲುವ ಕನ್ನಡ ಮನದ ನೋವಿಗೆ ಏಕೆ ಸಲ್ಲಬಾರದು?

"ಸಲಹೆಗಾರರೇ ಇಲ್ಲದ ಕಡೆ ಆ್ಯಪ್ ಆದರೂ ಇರಲಿ ಬಿಡಿ" ಎನ್ನುವವರಿದ್ದಾರೆ. ಇರಲಿ, ಪರೀಕ್ಷೆಯಲ್ಲಿ ಗೆದ್ದದ್ದು ಇರಲಿ. ಆದರೆ "ಆ್ಯಪ್ ಕೊಟ್ಟಾಯಿತಲ್ಲ" ಎಂಬ ನೆಪದಲ್ಲಿ ಸಲಹೆಗಾರರ ನೇಮಕವೇ ನಿಲ್ಲಬಾರದು. ಪಾಠೋಪಕರಣ ಬಂತೆಂದು ಶಿಕ್ಷಕರ ಹುದ್ದೆ ರದ್ದು ಮಾಡಿದರೆ ನಾವು ಒಪ್ಪುತ್ತೇವೆಯೇ?

ಆದ್ದರಿಂದ ಶಾಲೆಗೆ ಯಾರೇ ಇಂಥ ಆಟ ತಂದರೂ ನಾಲ್ಕು ಪ್ರಶ್ನೆ ಕೇಳೋಣ. ಯಾವ ಮಕ್ಕಳ ಮೇಲೆ ಪರೀಕ್ಷಿಸಿದ್ದೀರಿ? ದಿನ ತಪ್ಪಿಸಿದ ಮಗುವಿಗೆ ಏನಾಗುತ್ತದೆ? ಕನ್ನಡದಲ್ಲಿದೆಯೇ? ಮಗು "ಬದುಕು ಬೇಡ" ಎಂದು ಬರೆದರೆ ಅದನ್ನು ಓದುವ ಮನುಷ್ಯ ಯಾರು? ಕೊನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಆ ಆಟ ಶಾಲೆಯ ಹೊಸ್ತಿಲು ದಾಟಬಾರದು.

ಅಲ್ಲಿಯವರೆಗೆ ಒಂದು ಕೆಲಸ ಇಂದೇ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡವೂ ಅದರ ಭಾಷೆಗಳಲ್ಲಿ ಒಂದು. 14416 ಎಂಬ ಆ ಅಂಕಿಯನ್ನು ನಿಮ್ಮ ಶಾಲೆಯ ಫಲಕದ ಮೇಲೆ ದೊಡ್ಡದಾಗಿ ಬರೆಯಿಸಿರಿ. ಮಕ್ಕಳಿಗೆ ಬೇಕಾದ ಅಂಕ ಅದೊಂದೇ.