ಕೊಂಡವನೇ ಕಳ್ಳನೇ?

ಛತ್ರಿ ಕೊಂಡವನನ್ನು ಅಂಗಡಿಯವನು ಪ್ರತಿ ಮಳೆಗಾಲದಲ್ಲೂ ರಸೀದಿ ಕೇಳುವುದಿಲ್ಲ. ಗಣಕದ ಡಿಸ್ಕ್ ಕೆಟ್ಟು, ಹಣ ಕೊಟ್ಟು ಕೊಂಡ ತಂತ್ರಾಂಶವನ್ನೇ ಮತ್ತೆ ಅಳವಡಿಸಲು ಕುಳಿತಾಗ ಮಾತ್ರ ನಾವು ಪ್ರಾಮಾಣಿಕರೆಂದು ಇನ್ನೊಮ್ಮೆ ರುಜುವಾತು ಕೊಡಬೇಕು. ರುಜುವಾತೆಂದರೆ 25 ಅಕ್ಷರಗಳ ಒಂದು ಪ್ರಾಡಕ್ಟ್ ಕೀ. ಅದು ಕಳೆಯಿತೋ, ಕೊಂಡದ್ದೂ ನಮ್ಮದಲ್ಲ.

ಜೋಪಾನ ಮಾಡಬೇಕಿತ್ತು ಎಂಬ ಉಪದೇಶ ಸದಾ ಸಿದ್ಧ. ವರ್ಗಾವಣೆಯ ಆದೇಶ ಹಿಡಿದು ದೆಹಲಿಯಿಂದ ಚೆನ್ನೈಗೆ, ಚೆನ್ನೈನಿಂದ ಪುಣೆಗೆ ಸಂಸಾರ ಸಾಗಿಸುವ ನಮ್ಮಂಥವರ ಮನೆಗಳಲ್ಲಿ ಡಿವಿಡಿ ಡಬ್ಬಿಯ ಚೀಟಿ ಎಷ್ಟು ಕಾಲ ಬಾಳೀತು? ವಿಂಡೋಸ್ 7ರ ಕಾಲದಲ್ಲಂತೂ ಕೀಯನ್ನು ಲ್ಯಾಪ್‌ಟಾಪಿನ ತಳಕ್ಕೇ ಅಂಟಿಸುತ್ತಿದ್ದರು, ಉಜ್ಜಿ ಉಜ್ಜಿ ಅಳಿಸಿಹೋಗಲೆಂದೇ ಎಂಬಂತೆ!

ಆದರೂ ಹಿಂದೆ ಒಂದು ಹಿತ್ತಿಲ ಬಾಗಿಲಿತ್ತು. ಆಫೀಸ್ 2010ರ ಪೂರ್ತಿ ಕೀ ಗಣಕದ ರಿಜಿಸ್ಟ್ರಿಯಲ್ಲಿ ಸಂಕೇತರೂಪದಲ್ಲಿ ಉಳಿಯುತ್ತಿತ್ತು. ಪ್ರೊಡ್ಯುಕೀ ಎಂಬ ಪುಟ್ಟ ಉಚಿತ ತಂತ್ರಾಂಶ ಅದನ್ನು ಓದಿ ತೋರಿಸುತ್ತಿತ್ತು. 2013ರ ಆವೃತ್ತಿಯಿಂದ ಆ ಬಾಗಿಲೂ ಮುಚ್ಚಿತು. ಈಗ ಗಣಕದಲ್ಲಿ ಉಳಿಯುವುದು ಕೊನೆಯ 5 ಅಕ್ಷರ ಮಾತ್ರ.

ಕಳ್ಳಪ್ರತಿಗಳನ್ನು ತಡೆಯಬೇಡವೇ ಎನ್ನುತ್ತಾರೆ. ತಡೆಯಲಿ. ಆದರೆ ಬೀಗ ಒಡೆದ ಪ್ರತಿಯನ್ನು ಬಳಸುವವನಿಗೆ ಕೀ ಹುಡುಕುವ ಗೋಜೇ ಇಲ್ಲ. ಪೇಚಾಟವೆಲ್ಲ ಬಿಲ್ಲು ಪಾವತಿಸಿದವನದು. ಆನ್‌ಲೈನಿನಲ್ಲಿ ಸಕ್ರಿಯಗೊಳಿಸಿದ ದಿನ ಆ ಕೀ ಮಾರಿದವರ ಸರ್ವರನ್ನು ಮುಟ್ಟಿಯೇ ಬಂದಿದೆಯಲ್ಲ! ಬಿಲ್ಲು ತೋರಿಸಿದವರಿಗೆ ಅದನ್ನು ಮರಳಿ ಕೊಡುವುದು ಮಾರಿದವರ ಕರ್ತವ್ಯವೆಂದು ನಾವು ಕೇಳಲೇಬೇಕು. ಅಲ್ಲಿಯವರೆಗೆ, ಹಳೆಯ ಆವೃತ್ತಿ ಉಳ್ಳವರು ಫಾರ್ಮ್ಯಾಟಿಗೆ ಮುನ್ನವೇ ಆ 25 ಅಕ್ಷರಗಳನ್ನು ಹೊರತೆಗೆದು ಬರೆದಿಟ್ಟುಕೊಳ್ಳಲಿ.